ಮಾವನ ಬಾಯ್ಲರು, ಅತ್ತೆಯ ಊಟ

ನಮ್ಮ ಸೋದರಮಾವ ಮೂವತ್ತು ವರ್ಷದಿಂದ ನಮ್ಮ ಅತ್ತೆಯ ಪ್ರಾಣವನ್ನು ಪಣಕ್ಕಿಡುತ್ತಲೇ ಬಂದಿದ್ದಾರೆ. ಅದೂ ಗುಟ್ಟಾಗಿ ಅಲ್ಲ. ಹಾಡಹಗಲು, ಹತ್ತು ಜನರ ಎದುರಿಗೆ, ಸರಿಯಾಗಿ ಊಟದ ಹೊತ್ತು ನೋಡಿಕೊಂಡು! ಅತ್ತೆಯ ಆಯಸ್ಸು ಗಟ್ಟಿ ಇರಬೇಕು. ಪ್ರತಿ ಸಲವೂ ಆಯಮ್ಮ ಎದ್ದು, ಸೆರಗು ಕೊಡವಿಕೊಂಡು, "ಸಾರಿಗೆ ಒಸಿ ಉಪ್ಪು ಕಮ್ಮಿಯಾಗಿತ್ತು, ಅಲ್ವಾ?" ಎಂದು ಕೇಳಿ, ಕ್ಷೇಮವಾಗಿ ಮನೆಗೆ ಬಂದಿದ್ದಾರೆ.

ಪೊಲೀಸರಿಗೆ ಫೋನು ಮಾಡುವ ಮೊದಲು ಪೂರ್ತಿ ಕೇಳಿ. ಮಾವ ಬಾಯ್ಲರ್ ಮಾಡುವವರು. ರಾಮನಗರದಿಂದ ಮಾಗಡಿಗೆ ಹೋಗುವ ರಸ್ತೆಯಲ್ಲಿ, ಬಂಡೆಯೊಂದರ ಬುಡದಲ್ಲಿ ಅವರ ತಗಡಿನ ಶೆಡ್ಡು. ಬಾಯ್ಲರ್ ಎಂದರೆ ಗಾಬರಿ ಬೇಡ. ದಪ್ಪ ಉಕ್ಕಿನ ದೊಡ್ಡ ಹಂಡೆ, ಬಾಯಿ ಪೂರ್ತಿ ಮುಚ್ಚಿದ್ದು. ಕೆಳಗೆ ಬೆಂಕಿ, ಒಳಗೆ ನೀರು. ನೀರು ಆವಿಯಾಗುತ್ತದೆ, ಆವಿಗೆ ಹೊರಗೆ ಬರುವ ಆಸೆ, ಹಂಡೆಗೆ ಬಿಡುವ ಮನಸ್ಸಿಲ್ಲ. ಆ ಜಗಳದ ಬಲದಿಂದಲೇ ಚನ್ನಪಟ್ಟಣದಲ್ಲಿ ರೇಷ್ಮೆಗೂಡು ಬೇಯುತ್ತದೆ, ಗಾರ್ಮೆಂಟ್ಸ್‌ನಲ್ಲಿ ಅಂಗಿ ಇಸ್ತ್ರಿಯಾಗುತ್ತದೆ, ಹಾಸ್ಟೆಲಿನಲ್ಲಿ ಇಡ್ಲಿ ಏಳುತ್ತದೆ. ಜಗಳ ಹದ ಮೀರಿದರೆ ಮಾತ್ರ ಹಂಡೆ ಸಿಡಿಯುತ್ತದೆ. ಸಿಡಿದರೆ ಪಕ್ಕದಲ್ಲಿ ಕೂತವರ ಗತಿ ಹೇಳುವ ಹಾಗಿಲ್ಲ.

ಹಾಗಾಗಬಾರದೆಂದೇ ಸರ್ಕಾರ ಇನ್ಸ್‌ಪೆಕ್ಟರನ್ನು ಇಟ್ಟಿದೆ. ಅವರು ಬಂದು, ತಟ್ಟಿ, ಅಳೆದು, ನೀರು ತುಂಬಿ ಒತ್ತಡ ಏರಿಸಿ ನೋಡಿ, ಮುದ್ರೆ ಒತ್ತಿ ಹೋಗುತ್ತಾರೆ. ಬೇರೆಯವರಾದರೆ ಅಲ್ಲಿಗೆ ಲಾರಿ ಹತ್ತಿಸಿ ಕೈ ತೊಳೆದುಕೊಳ್ಳುತ್ತಾರೆ. ನಮ್ಮ ಮಾವ? "ಅದು ಸರ್ಕಾರದ ಪರೀಕ್ಷೆ ಕಣವ್ವ. ನಮ್ಮನೆ ಪರೀಕ್ಷೆ ಇನ್ನೂ ಬಾಕಿ ಐತೆ" ಎನ್ನುತ್ತಾರೆ. ಗಿರಾಕಿಯ ಜಾಗದಲ್ಲಿ ಬಾಯ್ಲರ್ ಕೂರಿಸಿ ಮೊದಲ ಸಲ ಬೆಂಕಿ ಹಾಕುವ ದಿನ, ಅದರಿಂದ ಒಂದು ಮಾರು ದೂರಕ್ಕೆ ಚಾಪೆ ಹಾಸಿ, ಅತ್ತೆಯನ್ನು ಕೂರಿಸಿ, ತಾವೂ ಕೂತು, ಮುದ್ದೆ ಊಟ ಮಾಡುತ್ತಾರೆ. ಒತ್ತಡ ಪೂರ್ತಿ ಏರಿ, ಸೇಫ್ಟಿ ವಾಲ್ವ್ ತಾನಾಗಿ ಬಾಯಿ ತೆರೆದು ಬುಸ್ ಎನ್ನಬೇಕು. ಆಮೇಲೆಯೇ ಇಬ್ಬರೂ ಎದ್ದು ಕೈ ತೊಳೆಯುವುದು. ಆಮೇಲೆಯೇ ಬೀಗದ ಕೈ ಗಿರಾಕಿಗೆ.

"ಇದ್ಯಾವ ಹುಚ್ಚು ಮಾವ?" ಎಂದು ನಾನು ಕೇಳಿದ್ದುಂಟು.

"ಈ ಹಂಡೆ ಪಕ್ಕದಾಗೆ ದಿನಾ ಹನ್ನೆರಡು ಜನ ಹೆಣ್ಮಕ್ಕಳು ಕೂತ್ಕಂಡು ನೂಲು ತೆಗಿತಾರೆ. ನನ್ನ ಹೆಂಡ್ರು ಒಂದು ಊಟದ ಹೊತ್ತು ಕೂರಕ್ಕಾಗದೇ ಇರೋ ಕಡೆ ಅವರ್ಯಾಕವ್ವ ಕೂರ್ಬೇಕು?"

ಇದಕ್ಕೆ ಉತ್ತರ ನಿಮಗೆ ಹೊಳೆದರೆ ನನಗೂ ತಿಳಿಸಿ. ಅತ್ತೆಯ ದೂರು ಮಾತ್ರ ಬೇರೆ. "ಬ್ಯಾರೆ ಗಂಡಸ್ರು ಹೆಂಡ್ರುನ ಮೈಸೂರು, ಮಡಿಕೇರಿ ಅಂತ ಕರ್ಕಂಡು ಓಯ್ತಾರೆ. ನಾನು ನೋಡಿರೋ ಊರೆಲ್ಲಾ ಬಾಯ್ಲರ್ ಇರೋ ಊರೇಯ. ಮದ್ದೂರ್ನಾಗೆ ವಡೆ ಸಿಗ್ತದಂತೆ, ನಂಗೆ ಸಿಕ್ಕಿದ್ದು ಅಕ್ಕಿ ಮಿಲ್ಲು!"

ನಾನು ಈ ಶೆಡ್ಡಿಗೆ ಸೇರಿಕೊಂಡದ್ದು ನನ್ನ ಮಗಳು ಶಾಲೆಗೆ ಹೋಗಲು ಶುರು ಮಾಡಿದ ವರ್ಷ. ಬಿ.ಕಾಂ ಓದಿದ ತಂಗಿಯ ಮಗಳು ಮನೆಯಲ್ಲಿ ಬಟಾಣಿ ಸುಲಿಯುತ್ತಾ ಕೂತಿರುವುದನ್ನು ನೋಡಲಾರದೆ ಮಾವ ಕರೆದರು ಎಂದು ನಮ್ಮ ಅಮ್ಮ ಹೇಳಿಕೊಂಡು ತಿರುಗುತ್ತಾಳೆ. ನಿಜವೇನೆಂದರೆ, ಮಾವನಿಗೆ ಫೋನು ಎತ್ತುವವರು ಬೇಕಾಗಿತ್ತು. ಅವರೇ ಎತ್ತಿದರೆ ಏನಾಗುತ್ತಿತ್ತು ಗೊತ್ತೇ? ಗಿರಾಕಿ "ಯಾವಾಗ ಕೊಡ್ತೀರಾ?" ಎಂದರೆ ಇವರು "ಅವರೆಕಾಯಿ ಸೊಗಡು ಏರೋ ಒತ್ಗೆ" ಎನ್ನುವರು. ತಿಪ್ಪಸಂದ್ರದ ಹೊಲದಲ್ಲಿ ಬೆಳೆದ ಜೀವ. ಕ್ಯಾಲೆಂಡರು ಗೋಡೆಗೆ, ತಾರೀಕು ಬೆಳೆಗೆ. ಮುಂಗಾರಿನ ಆರ್ಡರಾದರೆ "ರಾಗಿ ಪೈರು ಮೊಣಕಾಲುದ್ದ ಬರ್ಲಿ", ಬೇಸಿಗೆಯದಾದರೆ "ಮಾವು ಮುಗೀಲಿ". ನಾನು ಬರುವುದಕ್ಕೆ ಮುಂಚೆ ಕೊಟೇಷನ್ನಿನಲ್ಲೂ ಹಾಗೇ ಬರೆಸುತ್ತಿದ್ದರಂತೆ! ಸೇರಿದ ಮೊದಲ ವಾರವೇ ಬೆಂಗಳೂರಿನಿಂದ ಒಬ್ಬ ಎಂಜಿನಿಯರು ಫೋನು ಮಾಡಿದರು.

"ಮೇಡಂ, ಡೆಲಿವರಿ ಕಾಲಂನಲ್ಲಿ 'ಹುಣಸೆ ಬಡಿಯುವ ಟೈಮು' ಅಂತಿದೆ. ಇದು ಯಾವ ಕ್ವಾರ್ಟರಿಗೆ ಬರುತ್ತೆ?"

"ಕೊನೇ ಕ್ವಾರ್ಟರ್ ಸರ್. ಮಾರ್ಚ್ ಒಳಗೆ" ಎಂದೆ, ಒಂದಿಷ್ಟೂ ತಡವರಿಸದೆ.

ಮಾರ್ಚಿನೊಳಗೆ ಬಾಯ್ಲರ್ ಹೋಯಿತು. ಹುಣಸೆಯೂ ಬಡಿದಾಗಿತ್ತು. ಇದೊಂದನ್ನು ಒಪ್ಪಿಕೊಳ್ಳಲೇಬೇಕು. ಮಾವನ ಬೆಳೆ ಲೆಕ್ಕ ತಪ್ಪಿದ್ದನ್ನು ನಾನು ನೋಡಿಲ್ಲ, ತಾರೀಕು ಹಾಕಿ ಸಹಿ ಮಾಡಿಕೊಡುವವರ ಲೆಕ್ಕ ತಪ್ಪದಿದ್ದುದನ್ನೂ ನೋಡಿಲ್ಲ.

ಇನ್ನು ಇವರನ್ನು ಮದುವೆಮನೆಗೆ ಕರೆಯುವುದು ಎಂದರೆ ಧೈರ್ಯದ ಕೆಲಸ. ನನ್ನ ಮದುವೆಯ ಕಥೆಯನ್ನೇ ಕೇಳಿ. ಕನಕಪುರದ ಒಂದು ಛತ್ರ. ಧಾರೆಗೆ ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವರು ಸೋದರಮಾವ. ಪುರೋಹಿತರು "ಸೋದರಮಾವ ಎಲ್ಲಿ? ಸೋದರಮಾವ ಎಲ್ಲಿ?" ಎಂದು ಮೈಕಿನಲ್ಲಿ ಕೂಗುತ್ತಿದ್ದಾರೆ. ಆರತಿ ತಟ್ಟೆ ಹಿಡಿದವರ ಕೈ ನೋಯುತ್ತಿದೆ. ಮಾವ ಇಲ್ಲ! ಕೊನೆಗೆ ಚಿಕ್ಕಪ್ಪ ಯಾರೋ ನನ್ನ ಕೈ ಹಿಡಿದು ಎಳೆದುಕೊಂಡು ಹೋದರು, ಕೊರಳಿಗೆ ತಾಳಿಯೂ ಬಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಗಲಾಟೆ.

ನಡೆದದ್ದಿಷ್ಟು. ಅನ್ನ, ಪಲ್ಯ ಎಲ್ಲ ಬೇಯುತ್ತಿದ್ದುದು ಛತ್ರದ ಬಾಯ್ಲರಿನ ಆವಿಯಲ್ಲಿ. ಮಾವನಿಗೆ ಕೈಕಾಲು ತೊಳೆಯಲು ಹೋದಾಗ ಅದರ ದರ್ಶನವಾಗಿದೆ. ಸೇಫ್ಟಿ ವಾಲ್ವ್ ಪದೇ ಪದೇ ಬುಸುಗುಟ್ಟಿ ಕಿರಿಕಿರಿ ಮಾಡುತ್ತದೆಂದು ಅಡುಗೆಯವರು ಅದರ ಬಾಯಿಗೆ ಕಟ್ಟುತಂತಿ ಬಿಗಿದು ಕೂರಿಸಿಬಿಟ್ಟಿದ್ದರು. ಮಾವ ಮರುಮಾತಿಲ್ಲದೆ ಒಲೆಯಿಂದ ಕೊಳ್ಳಿ ಹೊರಗೆಳೆದು, ನೀರು ಹುಯ್ದು, ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟಿದ್ದಾರೆ. ಹೊಸ ರೇಷ್ಮೆ ಪಂಚೆ, ಮೈಸೂರು ಪೇಟ, ಮೂತಿಯೆಲ್ಲಾ ಮಸಿ!

"ಯಜಮಾನ್ರೇ, ಆರ್ನೂರು ಎಲೆ ಕಾಯ್ತಾ ಅವೆ!" ಎಂದು ಅಡುಗೆಯವರು ಕೈ ಮುಗಿದರಂತೆ.

"ಕಾಯ್ಲಿ ಬುಡ್ಲಾ. ಎಲೆ ಕಾದ್ರೆ ಬಾಡ್ತದೆ, ಅಷ್ಟೇ ತಾನೆ? ನಾಳಿಕ್ಕೆ ಇನ್ನೊಂದು ಎಲೆ ಕುಯ್ದ್ರಾಯ್ತು."

ಸೌದೆ ಒಲೆ ಹೂಡಿ, ಅನ್ನ ಬೇಯಿಸಿ, ಮದುವೆಯ ಊಟ ಬಡಿಸಿದಾಗ ಸಂಜೆ ನಾಲ್ಕು. ಗಂಡಿನ ಕಡೆಯವರು ಅಷ್ಟರಲ್ಲಿ ರಸ್ತೆ ಬದಿಯ ಹೋಟೆಲಿನಲ್ಲಿ ದೋಸೆ ತಿಂದು ಮುನಿಸಿಕೊಂಡು ಬಂದಿದ್ದರು. ನನ್ನ ಗಂಡ ಇವತ್ತಿಗೂ ಮನೆಯಲ್ಲಿ ಊಟ ಐದು ನಿಮಿಷ ತಡವಾದರೆ "ನಿಮ್ಮ ಮಾವ ಬಂದಿದ್ರಾ?" ಎಂದು ಕೇಳುತ್ತಾರೆ. ನನಗೆ ಮಾತ್ರ ಬಹಳ ದಿನ ಬೇಜಾರಿತ್ತು. ಈ ಮನುಷ್ಯನಿಗೆ ಕಬ್ಬಿಣದ ಮೇಲೆ ಇರುವ ಅಕ್ಕರೆ ಕರುಳಿನ ಮೇಲೆ ಇಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೆ.

ಇಂಥವರ ಶೆಡ್ಡಿಗೆ ಈ ಎರಡು ವರ್ಷದಲ್ಲಿ ಶುಕ್ರದೆಸೆ ಶುರುವಾಯಿತು. ಎಲ್ಲರಿಗೂ ಒಟ್ಟಿಗೇ ಬಾಯ್ಲರ್ ಬೇಕು! ಹೊಸ ಗಾರ್ಮೆಂಟ್ಸಿಗೆ ಬೇಕು, ಹಾಸ್ಟೆಲಿಗೆ ಬೇಕು, ಹಾಲಿನ ಡೇರಿಗೆ ಬೇಕು, ಉಪ್ಪಿಟ್ಟನ್ನು ಪೊಟ್ಟಣ ಕಟ್ಟಿ ಮಾರುವವರಿಗೂ ಬೇಕು. ಮೇಲಾಗಿ ಚನ್ನಪಟ್ಟಣ, ರಾಮನಗರದ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಮನೆಗಳ ಹಳೇ ಬಾಯ್ಲರುಗಳೆಲ್ಲಾ ಮಾತಾಡಿಕೊಂಡಂತೆ ಒಂದೇ ಸಲ ಮುದಿಯಾದವು. ಬೇಡಿಕೆ ಹೀಗೆ ಏರುತ್ತಿರುವಾಗ ಸಾಮಾನು ಸಿಗಬೇಡವೇ? ಉಕ್ಕಿನ ಪ್ಲೇಟಿನವನು "ಮುಂದಿನ ವಾರ" ಎನ್ನುತ್ತಾನೆ, ಅವನ ಮುಂದಿನ ವಾರ ಮುಂದೆಯೇ ಇರುತ್ತದೆ. ಟ್ಯೂಬಿನವನು ಹಡಗು ಬಂದಿಲ್ಲ ಎನ್ನುತ್ತಾನೆ. ಬಾಯ್ಲರಿನ ಎರಡು ತುದಿಗೂ ಮುಚ್ಚಳ ಮಾಡಿಕೊಡುವವನು ಫೋನನ್ನೇ ಎತ್ತುವುದಿಲ್ಲ. ಪರೀಕ್ಷೆ ಪಾಸಾದ ವೆಲ್ಡರ್ ಹುಡುಕುವುದಂತೂ ಮೂಲಾ ನಕ್ಷತ್ರದ ಹುಡುಗಿಗೆ ವರ ಹುಡುಕಿದಷ್ಟೇ ಕಷ್ಟ. ಸಿಕ್ಕಿದವನನ್ನು ಬಿಡದಿ ಕಡೆಯ ದೊಡ್ಡ ಫ್ಯಾಕ್ಟರಿಯವರು ಕಾರು ಕಳಿಸಿ ಕರೆದುಕೊಂಡು ಹೋಗುತ್ತಾರೆ.

ಮಾವನ ಉಪಾಯ ಸರಳವಾಗಿತ್ತು. ಬಂದ ಗಿರಾಕಿಯನ್ನೆಲ್ಲಾ ಓಡಿಸುವುದು! "ಪೀಣ್ಯದಾಗೆ ಒಬ್ರು ಅವ್ರೆ, ನಂಗಿಂತ ಚೆನ್ನಾಗಿ ಮಾಡ್ತಾರೆ. ಅಲ್ಲಿಗೋಗಿ" ಎಂದು ವಿಳಾಸ ಬರೆದುಕೊಡುವರು. ಗಿರಾಕಿ ಹೋಗುವನೇ? ಇಷ್ಟು ಒಳ್ಳೆಯವನು ಕೆಟ್ಟ ಬಾಯ್ಲರ್ ಮಾಡುವುದುಂಟೇ ಎಂದು ಇನ್ನೂ ಗಟ್ಟಿಯಾಗಿ ಕುರ್ಚಿಗೆ ಅಂಟಿಕೊಳ್ಳುತ್ತಿದ್ದನು.

ಆಗ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುತ್ತಿಲ್ಲವಲ್ಲ! ಪ್ಲೇಟಿನವನ ಅಂಗಡಿಗೆ ಹೋಗಿ ಅವನ ಅಮ್ಮನ ಪಕ್ಕ ಕೂತು ಕಾಫಿ ಕುಡಿದು ಬಂದೆ. ನಾಲ್ಕನೇ ಕಾಫಿಗೆ ಪ್ಲೇಟು ಬಂತು. ಮುಚ್ಚಳದವನಿಗೆ ಆರು ತಿಂಗಳ ಆರ್ಡರನ್ನು ಒಟ್ಟಿಗೇ ಕೊಟ್ಟು ಸರದಿಯಲ್ಲಿ ಜಾಗ ಹಿಡಿದೆ. ಬಿಟ್ಟುಹೋದ ವೆಲ್ಡರುಗಳ ಹೆಂಡತಿಯರಿಗೆ ಫೋನು ಮಾಡಿ, "ಬಿಡದಿಗೆ ಹೋಗಿ ಬರೋದ್ರಲ್ಲೇ ಮೂರು ಗಂಟೆ ಹೋಗ್ತದೆ, ಇಲ್ಲಿ ಮಧ್ಯಾಹ್ನ ಮನೆ ಊಟ" ಎಂದೆ. ಇಬ್ಬರು ವಾಪಸ್ಸು ಬಂದರು. ಎರಡು ಪಾಳಿ ಮಾಡಿದೆ. ಗೋಡೆಗೆ ದೊಡ್ಡ ಹಲಗೆ ಹಾಕಿ, ಯಾವ ಬಾಯ್ಲರ್ ಯಾವ ಹಂತದಲ್ಲಿದೆ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಬರೆದೆ. ಮಾವ ಒಂದು ದಿನ ಹಲಗೆಯ ಮುಂದೆ ಕೈ ಕಟ್ಟಿ ನಿಂತು ನೋಡಿ, "ಚೆನ್ನಾಗೈತೆ ಕಣವ್ವ. ರಂಗೋಲಿ ಇದ್ದಂಗೈತೆ" ಎಂದು ಹೋದರು.

ಈ ಸಮಯಕ್ಕೆ ಕನಕಪುರ ರಸ್ತೆಯ ಒಂದು ದೊಡ್ಡ ಬಾಯ್ಲರ್ ಕಂಪನಿಯವರು ನಮ್ಮನ್ನು ಹುಡುಕಿಕೊಂಡು ಬಂದರು. ಅವರ ಶೆಡ್ಡಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ದೊಡ್ಡ ದೊಡ್ಡ ಬಾಯ್ಲರುಗಳ ಆರ್ಡರು. ಸಣ್ಣವನ್ನು ಯಾರಾದರೂ ಮಾಡಿಕೊಟ್ಟರೆ ಸಾಕು, ವರ್ಷವಿಡೀ ಕೆಲಸ ಕೊಡುತ್ತೇವೆ ಎಂದರು. ಅವರ ಪರ್ಚೇಸ್ ಆಫೀಸರು ನೀಟಾದ ಮನುಷ್ಯ. ಕರ್ಚೀಫಿನಿಂದ ಕುರ್ಚಿ ಒರೆಸಿ ಕೂತು ಕೇಳಿದರು, "ಮೇಡಂ, ನಿಮ್ಮ ಕೆಪಾಸಿಟಿ ಎಷ್ಟು? ತಿಂಗಳಿಗೆ ಎಷ್ಟು ಬಾಯ್ಲರ್ ಕೊಡಬಲ್ಲಿರಿ?"

ನಾನು ಹಲಗೆಯ ಕಡೆ ನೋಡಿದೆ. ಪ್ಲೇಟಿದೆ, ಟ್ಯೂಬಿದೆ, ವೆಲ್ಡರುಗಳಿದ್ದಾರೆ. "ಎಂಟು" ಎಂದೆ, ಎದೆ ಉಬ್ಬಿಸಿ.

ಮೂಲೆಯಲ್ಲಿ ಕೂತಿದ್ದ ಮಾವ ಕೆಮ್ಮಿದರು. "ನಿಮ್ಮತ್ತೇನ ಕೇಳ್ದ್ಯಾ?"

ಆಫೀಸರಿಗೆ ಅರ್ಥವಾಗಲಿಲ್ಲ. ಮಾವನೇ ವಿವರಿಸಿದರು. "ಸಾರ್, ಇವಳು ಈಗ ನೋಡುದ್ಳಲ್ಲ ಹಲಗೆ, ಅದ್ರಾಗೆ ಕೊನೇ ಹಂತ ಬುಟ್ಟವಳೆ. ಊಟ."

ಆಫೀಸರು ವಿನಯದಿಂದ "ಒನ್ ಅವರ್ ಬ್ರೇಕ್ ಸಾಕಲ್ವಾ?" ಎಂದು ಬರೆದುಕೊಂಡರು. ನಾನು ತಿದ್ದಲು ಹೋಗಲಿಲ್ಲ. ಎರಡು ತಿಂಗಳು ಎಂಟೆಂಟು ಕೊಟ್ಟು ತೋರಿಸಿದರೆ ವರ್ಷದ ಆರ್ಡರು ಖಾತ್ರಿ, ಇಲ್ಲವಾದರೆ ಬೇರೆಯವರಿಗೆ ಎಂದು ಮಾತಾಯಿತು. ಈ ಮಾತು ಕೊಟ್ಟವಳು ನಾನು. ಶೆಡ್ಡಿನ ಹದಿನಾಲ್ಕು ಜನಕ್ಕೂ ವರ್ಷದ ಕೆಲಸ ನನ್ನ ಆ ಒಂದು ಎಂಟರ ಮೇಲೆ ನಿಂತಿತ್ತು.

ನಿಂತದ್ದು ಎಂಟರ ಮೇಲಲ್ಲ, ಅತ್ತೆಯ ಮಂಡಿಯ ಮೇಲೆ ಎಂದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಮುಂಚೆ ತಿಂಗಳಿಗೆ ಮೂರೋ ನಾಲ್ಕೋ ಊಟವಿರುತ್ತಿತ್ತು. ಈಗ ವಾರಕ್ಕೆ ಎರಡು! ಸೋಮವಾರ ಮಾಗಡಿ, ಗುರುವಾರ ಕನಕಪುರ, ಮತ್ತೆ ಸೋಮವಾರ ಕುಣಿಗಲ್. ಅತ್ತೆ ಬೆಳಗ್ಗೆ ಎದ್ದು ಮುದ್ದೆ ತೊಳಸಿ, ಬಸ್ಸಾರು ಮಾಡಿ, ಡಬ್ಬಿ ಕಟ್ಟಿಕೊಂಡು, ಮಾವನ ವ್ಯಾನಿನಲ್ಲಿ ಕುಲುಕಾಡಿಕೊಂಡು ಹೋಗಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಏಳಬೇಕು. ದೇಶದ ಬಾಯ್ಲರ್ ಉದ್ಯಮಕ್ಕೆ ಪ್ಲೇಟಿನ ಅಭಾವ, ಟ್ಯೂಬಿನ ಅಭಾವ, ವೆಲ್ಡರುಗಳ ಅಭಾವ. ನಮ್ಮಲ್ಲಿ ಅತ್ತೆಯ ಅಭಾವ!

ಎರಡನೇ ತಿಂಗಳ ಮೊದಲ ವಾರ ಕುಣಿಗಲ್ಲಿನ ಚಾಪೆಯಿಂದ ಅತ್ತೆ ಏಳಲೇ ಇಲ್ಲ. ಬಾಯ್ಲರ್ ಭೇಷಾಗಿತ್ತು, ಮಂಡಿ ಕೈಕೊಟ್ಟಿತ್ತು. ನಾಲ್ಕು ಜನ ಹಿಡಿದು ಎಬ್ಬಿಸಬೇಕಾಯಿತು. ಡಾಕ್ಟರು ಪರೀಕ್ಷಿಸಿ, ಎರಡು ತಿಂಗಳು ನೆಲದ ಮೇಲೆ ಕೂರುವ ಹಾಗಿಲ್ಲ, ವ್ಯಾನು ಹತ್ತುವ ಹಾಗಿಲ್ಲ ಎಂದರು. "ಅಬ್ಬಾ!" ಎಂದು ಅತ್ತೆ ಮಂಚದ ಮೇಲೆ ಕಾಲು ಚಾಚಿದ ರೀತಿಯಲ್ಲಿ ನೋವಿಗಿಂತ ಸುಖವೇ ಹೆಚ್ಚಿತ್ತು.

ಶೆಡ್ಡಿನ ಅಂಗಳದಲ್ಲಿ ಬಾಯ್ಲರುಗಳು ಸಾಲುಗಟ್ಟಿದವು. ಇನ್ಸ್‌ಪೆಕ್ಟರ ಮುದ್ರೆ ಬಿದ್ದ, ಬಣ್ಣ ಬಳಿದ, ಲಾರಿಗಾಗಿ ಕಾದ ಬಾಯ್ಲರುಗಳು. ಮೂರಾಯಿತು, ಐದಾಯಿತು, ಏಳಾಯಿತು. ಊಟವಾಗದೆ ಯಾರಾದರೂ ಬೆಂಕಿ ಹಾಕಿಬಿಟ್ಟಾರು ಎಂದು ಮಾವ ಒಂದನ್ನೂ ಗೇಟು ದಾಟಿಸಲಿಲ್ಲ.

"ಅತ್ತೆಯ ಫೋಟೋ ಇಟ್ಕೊಂಡು ಊಟ ಮಾಡು ಮಾವ" ಎಂದೆ.

"ಫೋಟೋಗೆ ಏನವ್ವ ಆಯ್ತದೆ? ಗಾಜು ಒಡಿತದೆ."

ನಮ್ಮಪ್ಪ ದೊಡ್ಡ ಮನಸ್ಸು ಮಾಡಿ ಮುಂದೆ ಬಂದರು. ಒಗೆದ ಅಂಗಿ ಹಾಕಿಕೊಂಡು, ಹಲ್ಲಿನ ಸೆಟ್ಟು ಉಜ್ಜಿಕೊಂಡು ಶೆಡ್ಡಿಗೆ ಬಂದು, "ಭಾವ, ನಾನು ಕೂತ್ಕತೀನಿ. ಊಟ ತಾನೆ?" ಎಂದರು.

ಮಾವ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಬ್ಯಾಡ ಕಣಪ್ಪ. ನೀನು ಹೋದ್ರೆ ನಾನು ಮೂರು ದಿನ ಅತ್ತು, ನಾಲ್ಕನೇ ದಿನ ಬಂದು ಪ್ಲೇಟು ಕತ್ತರಿಸ್ತೀನಿ. ಅವಳು ಹೋದ್ರೆ ನನ್ನ ಕೈಲಿ ಸುತ್ತಿಗೆ ಎತ್ತಕ್ಕಾಗಲ್ಲ. ಅಂತೋರು ಕೂತ್ರೇನೇ ಪರೀಕ್ಷೆ."

ನಮ್ಮಪ್ಪ ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. "ನನ್ನ ಬೆಲೆ ಮೂರೇ ದಿನವಂತೆ" ಎಂದು ಸಿಕ್ಕವರಿಗೆಲ್ಲಾ ಹೇಳಿಕೊಂಡು ತಿರುಗಿದರು.

ನನಗೆ ನಗು ಬರುವ ಸ್ಥಿತಿ ದಾಟಿತ್ತು. ಚನ್ನಪಟ್ಟಣದಲ್ಲಿ ರೀಲಿಂಗ್ ಮನೆ ಇಟ್ಟಿರುವ ನಮ್ಮ ಗಿರಾಕಿ ಚಾಚಾ ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದರು. ಅವರ ಹಳೇ ಬಾಯ್ಲರನ್ನು ಕಿತ್ತಾಗಿತ್ತು, ನಮ್ಮದು ಹೋಗಿ ಅಲ್ಲಿ ಕೂತು ಪೈಪಿನ ಜೋಡಣೆಯೂ ಮುಗಿದಿತ್ತು, ಆಮೇಲೆ ಅತ್ತೆಯ ಮಂಡಿ ಕೆಟ್ಟಿತ್ತು. "ಬೇಟಿ, ಹನ್ನೆರಡು ಹೆಂಗಸ್ರು ಮನೇಲಿ ಕುಂತವ್ರೆ. ಗೂಡು ತಂದಿಟ್ಟಿದೀನಿ, ಚಿಟ್ಟೆ ಆಗಿ ಹಾರೋಗ್ತವೆ. ಬೆಂಕಿ ಹಾಕ್ಲಾ?" ಎಂದು ಕೇಳುವರು. ಹಾಕಬಹುದಿತ್ತು, ಸರ್ಕಾರದ ಕಾಗದ ಅವರ ಕೈಯಲ್ಲೇ ಇತ್ತು. ಆದರೆ ಮಾವನ ಊಟವಾಗದೆ ಹಾಕಲು ಅವರಿಗೂ ಮನಸ್ಸಿಲ್ಲ! ಇತ್ತ ಪರ್ಚೇಸ್ ಆಫೀಸರು ಗುರುವಾರ ಮಧ್ಯಾಹ್ನ ಫೋನು ಮಾಡುತ್ತೇನೆ, ಕೊನೆಯ ಮಾತು ಹೇಳಿಬಿಡಿ ಎಂದಿದ್ದರು. ಬುಧವಾರ ನಾನು ಮಾವನ ಮೇಲೆ ಕೂಗಾಡಿದೆ. "ನಿನ್ನ ಜಂಬಕ್ಕೆ ಹದಿನಾಲ್ಕು ಮನೆ ಒಲೆ ಆರಿಸ್ತೀಯಾ ಮಾವ? ಹೆಂಡ್ತೀನ ಪಕ್ಕ ಕೂರಿಸ್ಕೊಂಡು ನಾನೆಂಥ ಗಂಡು ಅಂತ ಊರಿಗೆ ತೋರಿಸ್ಕೊಳ್ಳೋದು ಬಿಟ್ರೆ ಅದ್ರಲ್ಲೇನಿದೆ?"

ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು ವ್ಯಾನು ಹತ್ತಿ ಹೊರಟುಹೋದರು.

ಗುರುವಾರ ಬೆಳಗ್ಗೆ ಹತ್ತಕ್ಕೆ ನನ್ನ ಮೇಜಿನ ಮುಂದೆ ಬಂದು ನಿಂತರು. ಕೈಯಲ್ಲಿ ಅತ್ತೆ ಕಟ್ಟುವ ಊಟದ ಡಬ್ಬಿ. ನನ್ನ ಕಡೆ ನೋಡದೆ, ಸೀಮೆಸುಣ್ಣದ ಹಲಗೆ ನೋಡುತ್ತಾ ಕೇಳಿದರು. "ಒಸಿ ಬತ್ತೀಯಾ? ಚನ್ನಪಟ್ಟಣಕ್ಕೆ?"

"ಯಾಕೆ, ಏನಾದ್ರೂ ಬರೆಸಬೇಕಾ?"

"ಬರೆಯಾದೇನಿಲ್ಲ. ಕೂರಾದು."

ಪೆನ್ನು ಕೆಳಗಿಟ್ಟೆ. ಹೌದೇ? ನಮ್ಮಪ್ಪನಿಗೆ ಮೂರು ದಿನ, ನನಗೆ? ಎದ್ದು ಚಪ್ಪಲಿ ಹಾಕಿಕೊಂಡೆ. ಗೇಟಿನ ಹತ್ತಿರ ನಮ್ಮ ಹಿರಿಯ ವೆಲ್ಡರ್ ಮೇಸ್ತ್ರಿ ಸಿಕ್ಕಿ, ಆಕಳಿಸುತ್ತಾ ಹೇಳಿದರು. "ಅಕ್ಕೋ, ನಿನ್ನೆ ಮಧ್ಯಾಹ್ನ ನಿಮ್ಮಾವ ನನ್ನ ಚನ್ನಪಟ್ಟಣಕ್ಕೆ ಎಳ್ಕಂಡೋಗಿ ಆ ಬಾಯ್ಲರ್‌ಗೆ ಇನ್ನೊಂದು ಸಲ ನೀರು ತುಂಬ್ಸಿ ಒತ್ತಡ ಹಾಕಿಸಿದ್ರು. ಒಂದೊಂದು ಬೆಸುಗೇನೂ ಸುತ್ತಿಗೆಲಿ ತಟ್ಟಿ ತಟ್ಟಿ ಕೇಳಿದ್ರು. ಇಷ್ಟು ವರ್ಷದಾಗೆ ಪಾಸಾಗಿರೋದ್ನ ಮತ್ತೆ ಮಾಡ್ಸಿದ್ದು ಇದೇ ಮೊದ್ಲು."

ದಾರಿಯಲ್ಲಿ ಅತ್ತೆಯ ಫೋನು ಬಂತು. "ನಂಗಾದ್ರೆ ಒಂದೇ ಸಲ ಟೆಸ್ಟು, ನಿಂಗೆ ಎರಡಂತೆ! ಬರ್ಲಿ ಇವತ್ತು ಮನೆಗೆ" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ ಹೇಳಿದರು. "ನೋಡವ್ವ, ನೀನು ಉಂಡಾಯ್ತು ಅಂತ ಎದ್ಬುಡ್ಬ್ಯಾಡ. ಅವರು ಉಣ್ಣೋಗಂಟ ಕೂತಿರು." ಇದೇನು ವ್ರತವೋ ಎಂದುಕೊಂಡು ಹೂಂಗುಟ್ಟಿದೆ.

ಚಾಚಾ ಅವರ ರೀಲಿಂಗ್ ಮನೆ ಚನ್ನಪಟ್ಟಣದ ಒಂದು ಇಕ್ಕಟ್ಟಾದ ಬೀದಿಯಲ್ಲಿ. ಹೆಂಚಿನ ಸೂರು, ಬೆಂದ ಗೂಡಿನ ವಾಸನೆ ಗೋಡೆಗೇ ಹತ್ತಿತ್ತು. ಸುದ್ದಿ ತಿಳಿದು ಹನ್ನೆರಡು ಜನ ಹೆಂಗಸರೂ ಬಂದು ಬಾಗಿಲಲ್ಲಿ ನಿಂತಿದ್ದರು. ಚಾಚಾ ಬೆಂಕಿ ಹಾಕಿಸಿ ನನ್ನನ್ನು ನೋಡಿದರು. "ಅಕ್ಕ ಬರ್ಲಿಲ್ಲ? ಇವತ್ತು ಬೇಟಿ ಕೂರ್ತಾಳಾ? ಅಲ್ಲಾ ಒಳ್ಳೇದು ಮಾಡ್ಲಿ." ಮಾವ ಚಾಪೆ ಹಾಸಿದರು. ನಾನು ಕೂತೆ. ಬೆನ್ನಿಗೆ ಬಾಯ್ಲರಿನ ಬಿಸಿ ತಾಗುತ್ತಿತ್ತು. ನನಗೆ ಹೆದರಿಕೆಯಾಯಿತೇ ಎಂದರೆ, ಇಲ್ಲ. ಆ ಮನುಷ್ಯ ಎರಡು ಸಲ ತಟ್ಟಿ ನೋಡಿದ ಹಂಡೆ ಅದು. ಮುದ್ದೆ ಮುರಿದು ಬಸ್ಸಾರಿಗೆ ಅದ್ದಿ ನುಂಗಿದೆ. ಉಪ್ಪು ಸರಿಯಾಗಿಯೇ ಇತ್ತು.

ಎದುರು ಗೋಡೆಯ ಮೀಟರಿನಲ್ಲಿ ಒತ್ತಡದ ಮುಳ್ಳು ಮೇಲೇರತೊಡಗಿತು. ಎರಡು. ಮೂರು. ನಾಲ್ಕು. ನನ್ನ ಅರ್ಧ ಮುದ್ದೆ ಮುಗಿದಿತ್ತು. ತಿರುಗಿ ಮಾವನ ತಟ್ಟೆ ನೋಡಿದೆ. ಮುದ್ದೆ ಮುರಿದೇ ಇರಲಿಲ್ಲ.

"ಮಾವ, ತಿನ್ನು. ಆರೋಗ್ತದೆ."

"ಊಂ" ಎಂದರು. ಒಂದು ತುತ್ತು ಮುರಿದು ಬೆರಳಲ್ಲಿ ಹಿಡಿದರು. ಸಾರಿಗೆ ಅದ್ದಿದರು. ಅದ್ದಿ ಹಾಗೇ ಇಟ್ಟುಕೊಂಡರು. ಎಡಗೈಯಲ್ಲಿ ತಟ್ಟೆಯ ಅಂಚು ಹಿಡಿದಿದ್ದರು. ತಟ್ಟೆ ನೆಲದ ಮೇಲೆ ಸಣ್ಣಗೆ ಸದ್ದು ಮಾಡುತ್ತಿತ್ತು. ಮೊದಲು ಬಾಯ್ಲರಿನ ಅದುರು ಎಂದುಕೊಂಡೆ. ನನ್ನ ತಟ್ಟೆ ಅಲುಗುತ್ತಿರಲಿಲ್ಲ. ಅದುರುತ್ತಿದ್ದುದು ಮಾವನ ಕೈ.

ಅವರ ಕಣ್ಣು ಮುಳ್ಳಿನ ಮೇಲೂ ಇರಲಿಲ್ಲ. ನನ್ನ ಮುಖದ ಮೇಲಿತ್ತು. ಉಕ್ಕು ಕರಗುವ ಬೆಂಕಿಯ ಮುಂದೆ ಜೀವಮಾನವೆಲ್ಲಾ ನಿಂತವರು, ಅವರ ಹಣೆಯಲ್ಲಿ ಬೆವರು ಹನಿಗಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು. ತುಟಿ ಬಿಗಿದು, ಉಸಿರು ಹಿಡಿದು, ಬೆರಳಿನ ತುತ್ತನ್ನು ಮರೆತು ಕೂತಿದ್ದರು. ಮುಳ್ಳು ಐದು ದಾಟಿತು. ಆರು ಮುಟ್ಟಿತು. ಸೇಫ್ಟಿ ವಾಲ್ವ್ ಬಾಯಿ ತೆರೆದು ಭುಸ್ಸೆಂದು ಆವಿ ಸೂರಿಗೆ ನುಗ್ಗಿತು. ಹೆಂಗಸರು ಹೋ ಎಂದರು, ಚಾಚಾ ಎರಡೂ ಕೈಯಿಂದ ಮುಖ ಸವರಿಕೊಂಡರು. ಮಾವ ಹಿಡಿದ ಉಸಿರು ಬಿಟ್ಟು, ಆ ತುತ್ತನ್ನು ಬಾಯಿಗೆ ಹಾಕಿಕೊಂಡರು. ಆಮೇಲೆ ಎರಡು ದಿನ ಉಪವಾಸವಿದ್ದವರ ಹಾಗೆ ಉಂಡರು.

ಮೂವತ್ತು ವರ್ಷದಿಂದ ಊರೆಲ್ಲಾ ಹೇಳುತ್ತಿತ್ತು. ಎಂಥ ಗುಂಡಿಗೆಯಪ್ಪಾ ಆತನದು, ಬಾಯ್ಲರ್ ಪಕ್ಕ ಹೆಂಡತಿಯನ್ನು ಕೂರಿಸಿಕೊಂಡು ಆರಾಮಾಗಿ ಉಣ್ಣುತ್ತಾನೆ! ವಾಲ್ವ್ ತೆರೆಯುವವರೆಗೆ ಆತನ ತಟ್ಟೆಯನ್ನು ಯಾರೂ ನೋಡಿರಲಿಲ್ಲ, ಅತ್ತೆಯೊಬ್ಬರನ್ನು ಬಿಟ್ಟು. ನಾನು ಜಂಬ ಎಂದು ಕೂಗಾಡಿದ್ದು ಇದಕ್ಕೆ. ಪ್ರತಿ ಬಾಯ್ಲರಿಗೂ ಆ ಮನುಷ್ಯ ಹೀಗೆ ಹೆದರಿಕೊಂಡಿದ್ದಾರೆ. ಹೆದರಿಕೊಂಡೇ ಪ್ಲೇಟು ಕತ್ತರಿಸಿದ್ದಾರೆ, ಹೆದರಿಕೊಂಡೇ ಬೆಸುಗೆ ಹಾಕಿಸಿದ್ದಾರೆ. ಪ್ಲೇಟು, ಟ್ಯೂಬು, ವೆಲ್ಡರು ಎಲ್ಲವನ್ನೂ ಹಲಗೆಯ ಮೇಲೆ ಬರೆದಿದ್ದೆ. ಒಬ್ಬ ಮನುಷ್ಯ ತಿಂಗಳಿಗೆ ಎಷ್ಟು ಸಲ ಹೀಗೆ ಹೆದರಬಲ್ಲ ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

ಕೈ ತೊಳೆಯುವ ಮೊದಲೇ ಫೋನು ಹೊಡೆದುಕೊಂಡಿತು. ಪರ್ಚೇಸ್ ಆಫೀಸರು. "ಹೇಳಿ ಮೇಡಂ. ತಿಂಗಳಿಗೆ ಎಂಟು, ಖಾತ್ರಿ ಮಾಡ್ಕೊಳ್ಳಲಾ?"

"ಇಲ್ಲ ಸರ್. ನಾಲ್ಕು."

"ನಾಲ್ಕಾ? ಅರ್ಧಕ್ಕರ್ಧ ಇಳಿಸಿಬಿಟ್ರಲ್ಲ!"

"ನಾಲ್ಕೇ ಸರ್. ಆದರೆ ಆ ನಾಲ್ಕರ ಪಕ್ಕ ನೀವು ನಿಮ್ಮ ಮನೆಯವರನ್ನ ಕೂರಿಸಬಹುದು."

"ಒಂದು ನಿಮಿಷ ಲೈನಲ್ಲಿರಿ. ನಮ್ಮ ಸಾಹೇಬ್ರನ್ನ ಕೇಳ್ತೀನಿ" ಎಂದು ಆಫೀಸರು ಫೋನಿನಲ್ಲಿ ಹಾಡು ಹಾಕಿ ಹೋದರು.

ಮಾವ ಟವೆಲ್ಲಿನಿಂದ ಬಾಯಿ ಒರೆಸಿಕೊಳ್ಳುತ್ತಾ ಹತ್ತಿರ ಬಂದರು. "ಎಷ್ಟು ಅಂದೆ?"

"ನಾಲ್ಕು."

ಅವರು ಬಾಯ್ಲರ್ ನೋಡಿದರು. ನನ್ನನ್ನು ನೋಡಿದರು. "ನಿಮ್ಮತ್ತೆ ಮಂಡಿ ಸರಿ ಹೋಗೋಗಂಟ ನೀನೇ ಅಲ್ವಾ ಕೂರಾದು?"

"ಹೂಂ ಮಾವ. ನಾನೇ."

"ಅಂಗಾದ್ರೆ ನಾಲ್ಕು ನನ್ನ ಕೈಲಾಗಲ್ಲ ಕಣವ್ವ. ಮೂರು ಅನ್ನು."

ಫೋನಿನಲ್ಲಿ ಹಾಡು ನಿಂತು, "ಹಲೋ, ನಾಲ್ಕು ಓಕೆ ಮೇಡಂ, ನಾಲ್ಕೇ ಕೊಡಿ" ಎಂದು ಆಫೀಸರು ಹೇಳುತ್ತಿದ್ದರು. ನಾನು ಮೂಗು ಒರೆಸಿಕೊಂಡು, "ಸದ್ಯಕ್ಕೆ ಮೂರು ಸರ್" ಎಂದೆ.